ಹೌದು ಅನ್ನುವ ಮನೆ

ಎಂಟು ವರ್ಷದವಳಿದ್ದಾಗಿನಿಂದ ಮುಂದೆ ಕೆಲವು ವರ್ಷ, ಬೇರೆಯವರ ಮನಸ್ಸಿನಲ್ಲಿ ಏನಿದೆ ಎನ್ನುವುದು ನನಗೆ ಗೊತ್ತಾಗುತ್ತದೆ ಎಂದು ನಾನು ನಂಬಿದ್ದೆ. ಆಟಕ್ಕೆ ನಂಬಿದ್ದಲ್ಲ. ನನ್ನ ಹೆಸರು ಪಾರ್ವತಿ, ನಮ್ಮ ಮನೆ ಸಿಂಧನೂರಿನಲ್ಲಿದೆ ಎನ್ನುವುದನ್ನು ನಂಬಿದಷ್ಟೇ ಸಹಜವಾಗಿ ಅದನ್ನೂ ನಂಬಿದ್ದೆ. ನಂಬದೆ ಇರಲು ಕಾರಣವೇ ಇರಲಿಲ್ಲ. ನಾನು ಹೇಳಿದ್ದಕ್ಕೆಲ್ಲ ಮನೆಯವರು ಹೌದು ಅನ್ನುತ್ತಿದ್ದರು.

ನಮ್ಮ ಮನೆ ರೈಸ್ ಮಿಲ್ಲುಗಳ ಹಿಂದಿನ ಓಣಿಯಲ್ಲಿತ್ತು. ಸುಗ್ಗಿ ಬಂತೆಂದರೆ ಮಿಲ್ಲಿನ ಹೊಟ್ಟು ಗಾಳಿಗೆ ಹಾರಿಬಂದು ಕಿಟಕಿಯ ಸರಳು, ಒಣಹಾಕಿದ ಸೀರೆ, ಕುಡಿಯುವ ನೀರಿನ ಕೊಡದ ಮುಚ್ಚಳ, ಎಲ್ಲದರ ಮೇಲೂ ಕೂಡುತ್ತಿತ್ತು. ಅವ್ವ ಎಷ್ಟು ಸಲ ಕಸ ಹೊಡೆದರೂ ಸಂಜೆಯಾಗುವಷ್ಟರಲ್ಲಿ ಪಡಸಾಲೆಯ ಕಲ್ಲಿನ ಮೇಲೆ ನಮ್ಮ ಹೆಜ್ಜೆಗಳು ಮೂಡಿರುತ್ತಿದ್ದವು. ಪಡಸಾಲೆಯ ಬಲಕ್ಕೆ ಅಡುಗೆಮನೆ, ಎಡಕ್ಕೆ ದೇವರ ಕೋಣೆ. ಅಪ್ಪನ ತಾಯಿ, ನಮ್ಮ ಆಯಿ, ದಿನಾ ಮುಂಜಾನೆ ಆ ಕೋಣೆಯಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಮನೆಯಲ್ಲಿ ಚಹಾದ ವಾಸನೆ ಏಳುವಂತಿರಲಿಲ್ಲ. ಆಕೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದ ಮೇಲೆಯೇ ಅವ್ವ ಸ್ಟವ್ ಹೊತ್ತಿಸುತ್ತಿದ್ದಳು. ಇಬ್ಬರಿಗೂ ಊಟದ ವಿಷಯದಲ್ಲಿ ದಿನಾ ತಕರಾರು. ಅವ್ವನ ತವರು ಸಾಲಗುಂದ. ಕಾಲುವೆ ನೀರು ಬಂದ ಮೇಲೆ ಅವರ ಮನೆಯವರು ಭತ್ತ ಹಚ್ಚಿ, ಎರಡು ಹೊತ್ತೂ ಅನ್ನ ಉಣ್ಣಲು ಕಲಿತಿದ್ದರು. ಆಯಿಯ ಲೆಕ್ಕದಲ್ಲಿ ಅನ್ನ ಜಡ್ಡಾದವರ ಊಟ.

“ರೊಟ್ಟಿ ಬಡಿಯಾಕ ಬ್ಯಾಸರಾದವರು ಅನ್ನಕ್ಕ ಇಡ್ತಾರ,” ಎನ್ನುತ್ತಿದ್ದಳು ಆಯಿ, ಅವ್ವನಿಗೆ ಕೇಳಲೆಂದೇ.

ಅವ್ವ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು. ಆಗ ಅಡುಗೆಮನೆಗೂ ದೇವರ ಕೋಣೆಗೂ ನಡುವೆ ಓಡಾಡಿ ಇಬ್ಬರನ್ನೂ ಸಮಾಧಾನ ಮಾಡುತ್ತಿದ್ದವಳು ನಮ್ಮ ಅಕ್ಕ ಶರಣಮ್ಮ. ನನಗಿಂತ ಆರು ವರ್ಷ ದೊಡ್ಡವಳು. ನನ್ನ ಹೆರಳು ಹಾಕುತ್ತಿದ್ದವಳು, ಪಾಠ ಹೇಳಿಕೊಡುತ್ತಿದ್ದವಳು, ಉಣ್ಣುವಾಗ ರೊಟ್ಟಿಯ ಮೆತ್ತನೆಯ ನಡುಭಾಗ ನನಗೆ ಕೊಟ್ಟು ಅಂಚನ್ನು ತಾನು ತಿನ್ನುತ್ತಿದ್ದವಳು ಅವಳೇ.

ಅಪ್ಪ ವೀರಭದ್ರಪ್ಪ ಒಂದು ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ. ಆದರೆ ಸುತ್ತಿನ ಊರುಗಳಿಗೆ ಅವನು ಪ್ರೊಫೆಸರ್ ವೀರಭದ್ರ. ಹರೆಯದಲ್ಲಿ ಮನೆ ಬಿಟ್ಟು ಹೈದರಾಬಾದಿಗೆ ಹೋಗಿ ಯಾರೋ ಒಬ್ಬ ಉಸ್ತಾದನ ಹತ್ತಿರ ಜಾದೂ ಕಲಿತು ಬಂದಿದ್ದನಂತೆ. ಶಾಲೆಗಳ ಗ್ಯಾದರಿಂಗ್, ಗಣಪತಿ ಹಬ್ಬ, ದೊಡ್ಡವರ ಮನೆಯ ತೊಟ್ಟಿಲ ಕಾರ್ಯ, ಎಲ್ಲಿ ಕರೆದರೂ ಹೋಗುತ್ತಿದ್ದ. ಕರಿ ಕೋಟು ಹಾಕಿಕೊಂಡು ಪಡಸಾಲೆಯ ಕನ್ನಡಿಯ ಮುಂದೆ ನಿಂತನೆಂದರೆ ನಮ್ಮ ಅಪ್ಪನೇ ಬೇರೆ. ಬೆನ್ನು ನೆಟ್ಟಗಾಗುತ್ತಿತ್ತು, ದನಿ ಇಳಿಯುತ್ತಿತ್ತು. ಕರವಸ್ತ್ರದಿಂದ ಪಾರಿವಾಳ ತೆಗೆಯುವುದು, ಹಗ್ಗ ಕತ್ತರಿಸಿ ಕೂಡಿಸುವುದು ಅವನ ಮಟ್ಟಿಗೆ ಹುಡುಗರ ಆಟ. ಅವನಿಗೆ ಹೆಸರು ತಂದದ್ದು ಮನಸ್ಸು ಓದುವ ಆಟ. ಅದರಲ್ಲೂ ಒಂದು ವಿಶೇಷವಿತ್ತು. ಮನಸ್ಸು ಓದುವವನು ಅಪ್ಪ ಅಲ್ಲ. ಜನರ ನಡುವೆ ಕೂತವರನ್ನೇ ಎಬ್ಬಿಸಿ ಅವರಿಂದಲೇ ಓದಿಸುತ್ತಿದ್ದ.

ದಢೇಸುಗೂರಿನ ಶಾಲೆಯಲ್ಲಿ ನಡೆದ ಆಟ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಊರಿನ ಹೆಡ್ಮಾಸ್ತರರನ್ನು ವೇದಿಕೆಗೆ ಕರೆದ. ಆಮೇಲೆ ಒಬ್ಬ ರೈತನನ್ನು ಕರೆದು, ಮನಸ್ಸಿಗೆ ಬಂದ ಹೂವಿನ ಹೆಸರನ್ನು ಪಾಟಿಯ ಮೇಲೆ ಬರೆದು ಎಲ್ಲರಿಗೂ ತೋರಿಸಲು ಹೇಳಿದ. ಮಾಸ್ತರರು ಬೆನ್ನು ತಿರುಗಿಸಿ ಕೂತಿದ್ದರು. ಪಾಟಿ ಒರೆಸಿಯಾದ ಮೇಲೆ ಅಪ್ಪ ಅವರ ಕಣ್ಣಿಗೆ ಕರಿ ಬಟ್ಟೆ ಕಟ್ಟಿದ, ಹೆಗಲ ಮೇಲೆ ಕೈಯಿಟ್ಟ.

“ನಾ ಏನೂ ಮಾಡಂಗಿಲ್ರಿ,” ಅಂದ ಜನರಿಗೆ. “ಮಾಡೋರು ನಿಮ್ಮ ಮಾಸ್ತರು. ಹೇಳ್ರಿ ಸರ್, ಆ ರೈತನ ಮನಸ್ಸಿನ್ಯಾಗ ಯಾವ ಹೂವು ಐತಿ?”

ಮಾಸ್ತರರು, “ಸಂಪಿಗಿ,” ಅಂದರು. ರೈತ ಬರೆದದ್ದು ಸಂಪಿಗೆಯೇ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಣ್ಣಿನ ಬಟ್ಟೆ ಬಿಚ್ಚಿದಾಗ ಮಾಸ್ತರರ ಮುಖದಲ್ಲಿದ್ದ ನಗು, ಅವರೇ ನಿಜವಾಗಿ ಓದಿದಂತಿತ್ತು. ಮುಂದೆ ಎಷ್ಟೋ ದಿನ ಅವರ ಊರಿನ ಹೆಂಗಸರು ತಮ್ಮ ಮಕ್ಕಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಲು ಅವರ ಮನೆಗೆ ಹೋಗುತ್ತಿದ್ದರು ಎಂದು ಕೇಳಿದ್ದೇನೆ. ತಮಗೇನೂ ಬರುವುದಿಲ್ಲ ಎಂದು ಮಾಸ್ತರರು ಯಾರಿಗೂ ಹೇಳಲಿಲ್ಲವಂತೆ.

ನನಗೆ ಆ ಶಕ್ತಿ ಬಂದದ್ದು ಜ್ವರದಲ್ಲಿ. ಟೈಫಾಯ್ಡ್ ಆಗಿ ಎದ್ದಿದ್ದೆ. ಜ್ವರ ಇಳಿದಿತ್ತು, ಆದರೆ ನಾನು ಉಣ್ಣುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಪಡಸಾಲೆಯ ಗೋಡೆಗೆ ಒರಗಿ ಕೂತು ಬಿಸಿಲು ನೋಡುತ್ತಿದ್ದೆ. ಅನ್ನ ಜಡ್ಡಾದವರ ಊಟ ಎನ್ನುತ್ತಿದ್ದ ಆಯಿಯೇ ಮೆತ್ತನೆಯ ಅನ್ನ ಕಲಸಿ ತಂದರೂ ಬಾಯಿ ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಮಿಲ್ಲಿನಿಂದ ಬಂದು ನನ್ನ ಎದುರು ಕೂತ.

“ಪಾರೂ, ನಾ ಈಗ ಒಂದು ಪ್ರಾಣಿ ನೆನೆಸೀನಿ. ಯಾವುದು ಹೇಳು ನೋಡೂಣು.”

ನನಗೆ ಮಾತಾಡುವ ಮನಸ್ಸಿರಲಿಲ್ಲ. ಅವನು ಬಿಡಲಿಲ್ಲ. ಕೊನೆಗೆ, “ಮೊಲ,” ಅಂದೆ.

ಅಪ್ಪ ಬೆರಗಾದವನಂತೆ ನನ್ನನ್ನೇ ನೋಡಿದ. “ಹೌದಲೇ. ಹೆಂಗ ಗೊತ್ತಾತು ನಿನಗ?”

ಆಮೇಲೆ ಅವ್ವ ಒಂದು ಹಣ್ಣು ನೆನೆಸಿದಳು. ನಾನು ಸೀತಾಫಲ ಅಂದೆ. ಹೌದು ಅಂದಳು. ಆಯಿ ಒಂದು ದೇವರನ್ನು ನೆನೆಸಿದಳು. ಮಸ್ಕಿ ಮಲ್ಲಯ್ಯ ಅಂದೆ. ಹೌದು ಅಂದಳು. ಶಾಲೆಯಿಂದ ಬಂದ ಅಕ್ಕ ಪಾಟೀಚೀಲ ಇಳಿಸುವ ಮೊದಲೇ ಅವಳ ಮನಸ್ಸಿನ ಬಣ್ಣ ಯಾವುದೆಂದು ಹೇಳಿದೆ. ಅವಳು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿ ಹೌದು ಅಂದಳು. ಅಂದು ನಾನು ಎದ್ದು ಕೂತು ಅಕ್ಕನ ಕೈಯಿಂದ ಅನ್ನ ಉಂಡೆ. ಜ್ವರ ಬಂದ ಮಕ್ಕಳಿಗೆ ಒಮ್ಮೊಮ್ಮೆ ಹೀಗೆ ಒಳಗಣ್ಣು ತೆರೆಯುತ್ತದೆ ಎಂದು ಅಪ್ಪ ಹೇಳಿದ. ನಾನು ಅದನ್ನೇ ಹಿಡಿದುಕೊಂಡೆ.

ಜ್ವರ ಹೋಯಿತು, ಆಟ ಉಳಿಯಿತು. ಶೇಂಗಾ ಸುಲಿಯುವಾಗ, ಕಾಳು ಆರಿಸುವಾಗ, ಉಣ್ಣಲು ಕೂತಾಗ ನಾನು ಮನೆಯವರ ಮನಸ್ಸು ಹೇಳುತ್ತಿದ್ದೆ. ಅವರು ಹೌದು ಅನ್ನುತ್ತಿದ್ದರು. ನಮ್ಮ ಮನೆಗೆ ಬರುವ ನೆಂಟರೂ ಒಳಗೆ ಬರುವಾಗಲೇ ಅದನ್ನು ಕಲಿತವರಂತೆ ಹೌದು ಅನ್ನುತ್ತಿದ್ದರು. ಸ್ವಲ್ಪ ದಿನಗಳಲ್ಲೇ ಅಪ್ಪ ನನ್ನನ್ನು ವೇದಿಕೆಗೆ ಕರೆದುಕೊಂಡು ಹೋಗತೊಡಗಿದ. ಜರಿಯ ಲಂಗ, ಎರಡು ಹೆರಳು, ಹಣೆಗೆ ವಿಭೂತಿ. ನನ್ನನ್ನು ಬೇಬಿ ಪಾರ್ವತಿ ಎಂದು ಕರೆಯುತ್ತಿದ್ದ. ಕುರ್ಚಿಯಲ್ಲಿ ಕೂಡಿಸಲು ಊರಲ್ಲಿ ಸಿಕ್ಕಸಿಕ್ಕವರನ್ನು ಕರೆಯುತ್ತಿರಲಿಲ್ಲ. ಡಾಕ್ಟರು, ಮಾಸ್ತರು, ದೊಡ್ಡ ಅಂಗಡಿಯ ಸಾವ್ಕಾರರು, ಹೀಗೆ ಸುಳ್ಳು ಹೇಳದವರು ಎಂದು ಊರಿಗೆ ಊರೇ ನಂಬಿದವರನ್ನು ಕರೆಯುತ್ತಿದ್ದ. ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಕುರ್ಚಿಯಲ್ಲಿ ಕೂಡಿಸಿ, ಮೈಕು ಸರಿಮಾಡುತ್ತ ಬಾಗಿ ಅವರಿಗೆ ಏನೋ ಹೇಳುತ್ತಿದ್ದ. ಹೆದರಬೇಡಿ ಎನ್ನುತ್ತಿರಬೇಕು ಎಂದು ನಾನು ತಿಳಿದಿದ್ದೆ. ಅವರು ಏನನ್ನೋ ನೆನೆಸುತ್ತಿದ್ದರು, ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ, ಅವರು ಹೌದು ಅನ್ನುತ್ತಿದ್ದರು. ಲಿಂಗಸುಗೂರಿನಲ್ಲಿ ಅರಿವೆ ಅಂಗಡಿಯ ಶಿವಪುತ್ರಪ್ಪ ಸಾವ್ಕಾರರು ಹೀಗೆಯೇ ಕೂತಿದ್ದರು. ನಾನು ತೆಂಗಿನಕಾಯಿ ಅಂದೆ. ಅವರು ಎರಡೂ ಕೈ ಮುಗಿದು, “ಖರೇ ಐತಿ. ನಾ ಅದನ್ನ ನೆನೆಸಿದ್ದೆ,” ಅಂದರು. ಆಟ ಮುಗಿದ ಮೇಲೆ ನಮ್ಮನ್ನು ಮನೆಗೆ ಕರೆದು ಹೋಳಿಗೆ ಉಣಿಸಿ, ನನಗೆ ಲಂಗದ ಬಟ್ಟೆ ಕೊಟ್ಟು ಕಳಿಸಿದರು. ಆಮೇಲೆ ಅಪ್ಪನಿಗೂ ಅವರಿಗೂ ದೋಸ್ತಿ ಬೆಳೆಯಿತು. ಮಿಲ್ಲಿನಲ್ಲಿ ಎಲ್ಲರಿಗೂ ತಲೆಬಾಗುತ್ತಿದ್ದ ಅಪ್ಪನನ್ನು ಆ ಸಾವ್ಕಾರರು ಪಕ್ಕದಲ್ಲಿ ಕೂಡಿಸಿಕೊಂಡು ಪ್ರೊಫೆಸರ್ ಎಂದು ಕರೆಯುತ್ತಿದ್ದರು. ಆ ಮರ್ಯಾದೆ ಅಪ್ಪನಿಗೆ ಬಹಳ ಹಿಡಿಸಿತ್ತು.

ಒಮ್ಮೆ ಶಾಲೆಯಲ್ಲಿ ಗೆಳತಿಯೊಬ್ಬಳ ಮನಸ್ಸು ಹೇಳಲು ಹೋದೆ. ಅವಳು ನಕ್ಕು, “ಇಲ್ಲ, ತಪ್ಪು,” ಅಂದಳು. ಇನ್ನೊಬ್ಬಳೂ ಹಾಗೇ ಅಂದಳು. ಅಳುತ್ತ ಮನೆಗೆ ಬಂದೆ. ಅಪ್ಪ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಸಮಾಧಾನ ಮಾಡಿದ.

“ನಿನ್ನ ಮ್ಯಾಲೆ ಪ್ರೀತಿ ಇದ್ದವರ ಮನಸ್ಸಷ್ಟ ನಿನಗ ತೆರಿತದವ್ವ. ಇಲ್ಲ ಅಂದವರು ನಿನ್ನವರಲ್ಲ. ಅಂಥವರ ಕೂಡ ಆಡಬ್ಯಾಡ.”

ಆ ಮಾತು ನನ್ನಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ ಶಾಲೆಯಲ್ಲಿ ಗೆಳತಿಯರೇ ಇಲ್ಲದಂತಾದೆ. ನನ್ನ ಮಾತಿಗೆ ಎದುರಾಡಿದವರನ್ನೆಲ್ಲ ದೂರ ಇಟ್ಟೆ. ಮನೆ ಒಂದೇ ಸಾಕು ಅನ್ನಿಸುತ್ತಿತ್ತು. ಮನೆಯಲ್ಲಿ ಎಲ್ಲರ ಮನಸ್ಸೂ ನನಗೆ ತೆರೆದೇ ಇರುತ್ತಿತ್ತು.

ಅಕ್ಕ ಪಿಯುಸಿ ಪಾಸಾದ ವರ್ಷ ರಾಯಚೂರಿನಲ್ಲಿ ಟೀಚರ್ ಟ್ರೇನಿಂಗಿಗೆ ಅವಳಿಗೆ ಸೀಟು ಸಿಕ್ಕಿತು. ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದವಳು, ಟೀಚರಾಗಬೇಕು ಎನ್ನುವುದು ಬಿಟ್ಟರೆ ತನಗೆಂದು ಬೇರೇನೂ ಕೇಳಿದವಳಲ್ಲ. ಅದೇ ಹೊತ್ತಿಗೆ ಶಿವಪುತ್ರಪ್ಪ ಸಾವ್ಕಾರರು ತಮ್ಮ ಮಗ ಚನ್ನಬಸವನಿಗೆ ಅಕ್ಕನನ್ನು ಕೇಳಿದರು. ಅಪ್ಪ ಕುಣಿದಾಡಿದ. ಅಕ್ಕ ಅಡುಗೆಮನೆ ಸೇರಿ ಅವ್ವನ ಮುಂದೆ ಹಟ ಹಿಡಿದಳು. ಆಗ ಮನೆಯಲ್ಲಿ ನಡೆದ ಜಗಳ ನನಗೆ ಪೂರ್ತಿ ತಿಳಿಯಲಿಲ್ಲ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಒಂದು ದಿನ ಮಾತ್ರ ಅಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ.

“ಅಕಿಗೆ ಯಾರೂ ಜುಲುಮಿ ಮಾಡಬ್ಯಾಡ್ರಿ. ಅವರು ಬಂದು ಕುಂತಾಗ ಅಕಿ ಮನಸ್ಸಿನ್ಯಾಗ ಏನೈತೋ ಅದ ಆಗ್ಲಿ. ಬ್ಯಾಡಂದ್ರ ಬ್ಯಾಡ.”

ಅಕ್ಕನ ಮುಖ ಅರಳಿತು. ಬಂದವರ ಎದುರು ತಾನೇ ಬೇಡ ಎಂದು ಹೇಳಬಹುದೆಂದು ಅವಳು ಧೈರ್ಯ ತಂದುಕೊಂಡಳು. ನಮ್ಮ ಅಪ್ಪನಂಥ ಅಪ್ಪ ಯಾರಿಗಿದ್ದಾನೆ ಎಂದು ನನಗೂ ಹೆಮ್ಮೆಯಾಯಿತು.

ಅವರು ಬಂದದ್ದು ಒಂದು ಮಧ್ಯಾಹ್ನ. ಸಾವ್ಕಾರರು, ಅವರ ಹೆಂಡತಿ, ಮಗ, ಒಬ್ಬಿಬ್ಬರು ಹಿರಿಯರು ಪಡಸಾಲೆಯ ಜಮಖಾನೆಯ ಮೇಲೆ ಕೂತರು. ಅವ್ವ ಉಪ್ಪಿಟ್ಟು, ಶಿರಾ ತಂದಿಟ್ಟಳು. ಅಕ್ಕ ಹಸಿರು ಸೀರೆ ಉಟ್ಟು ಬಂದು ನಮಸ್ಕಾರ ಮಾಡಿ ಎದುರಿಗೆ ಕೂತಳು. ತಲೆ ತಗ್ಗಿಸಿರಲಿಲ್ಲ. ಚಹಾ ಆದ ಮೇಲೆ ಸಾವ್ಕಾರರು ಕೇಳಿದರು.

“ಪ್ರೊಫೆಸರೇ, ನಮಗಂತೂ ಹುಡುಗಿ ಪಸಂದ್ ಅದಾಳ. ಹುಡುಗಿ ಮನಸ್ಸು ಕೇಳೀರೇನು?”

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನಕ್ಕ.

“ನಮ್ಮನ್ಯಾಗ ಮನಸ್ಸು ಕೇಳಾಕ ಬಾಯಿ ಯಾಕ ಬೇಕ್ರಿ? ಪಾರೂ, ಬಾ ಇಲ್ಲಿ. ಅಕ್ಕನ ಮುಂದ ಕೂಡು. ಅಕ್ಕನ ಮನಸ್ಸಿನ್ಯಾಗ ಏನೈತಿ ಹೇಳು.”

ಎಲ್ಲರೂ ನಗುತ್ತ ನನ್ನತ್ತ ತಿರುಗಿದರು. ನಾನು ಅಕ್ಕನ ಎದುರು ಕೂತೆ. ಅವಳು ನನ್ನನ್ನು ಕಣ್ಣು ಮಿಟುಕಿಸದೆ ನೋಡಿದಳು. ಅಷ್ಟು ದೊಡ್ಡದಾದ ಅವಳ ಕಣ್ಣನ್ನು ನಾನು ಹಿಂದೆಂದೂ ನೋಡಿರಲಿಲ್ಲ. ವೇದಿಕೆಯ ಮೇಲೆ ಮಾಡುವಂತೆ ಕಣ್ಣು ಮುಚ್ಚಿ, ಆಮೇಲೆ ತೆರೆದು ಹೇಳಿದೆ.

“ಅಕ್ಕಗ ಒಪ್ಪಿಗಿ ಐತಿ. ನಾಚಿಕಿಗೆ ಹೇಳವಲ್ಲಳು.”

ಅಪ್ಪ ಮೆಲ್ಲಗೆ ಕೇಳಿದ, “ಹೌದೇನವ್ವಾ ಶರಣಾ?”

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬಹಳ ಹೊತ್ತಾಯಿತು ಅನ್ನಿಸಿತು. ಆಮೇಲೆ, “ಹೌದು,” ಅಂದಳು. ಆಯಿ ಸಕ್ಕರೆ ತಂದು ಎಲ್ಲರ ಬಾಯಿಗೆ ಹಾಕಿದಳು. ಸಾವ್ಕಾರರು ಅಪ್ಪನ ಹೆಗಲು ತಟ್ಟಿದರು. ಅವ್ವ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದವಳು ಅವರು ಹೊರಡುವಾಗಲೂ ಹೊರಗೆ ಬರಲಿಲ್ಲ. ನಾನು ಅಂದು ಇಡೀ ದಿನ ಖುಷಿಯಲ್ಲಿದ್ದೆ. ಅಕ್ಕನ ಮದುವೆ ನನ್ನ ಬಾಯಿಂದ ಆಯಿತು ಎಂದು ಓಣಿಯೆಲ್ಲ ಹೇಳಿಕೊಂಡು ಬಂದೆ.

ಮದುವೆಯಾಗಿ ಅಕ್ಕ ಲಿಂಗಸುಗೂರಿಗೆ ಹೋದಳು. ಮೊದಲನೆಯ ಪಂಚಮಿಗೆ ತವರಿಗೆ ಬಂದಾಗ ಅವಳು ಸೊರಗಿದ್ದಳು. ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಇಬ್ಬರೂ ಕೂತೆವು, ಕೈಯಲ್ಲಿ ಎಳ್ಳುಂಡೆ. ಅವಳನ್ನು ನಗಿಸಬೇಕೆಂದು ನಾನು ಆಟ ಶುರುಮಾಡಿದೆ.

“ಅಕ್ಕಾ, ನೀ ಈಗ ಭಾವನ್ನ ನೆನಸಾಕತ್ತಿ. ಹೌದಲ್ಲ?”

“ಇಲ್ಲ,” ಅಂದಳು ಅಕ್ಕ.

ನನಗೆ ಕೇಳಿದ್ದು ಅರ್ಥವಾಗಲಿಲ್ಲ. ಅವಳು ನನಗೆ ಇಲ್ಲ ಅಂದದ್ದು ಅದೇ ಮೊದಲು. ಹಂಗಾದ್ರ ಏನು ನೆನಸಾಕತ್ತಿ ಎಂದು ಕೇಳಿದೆ.

“ರಾಯಚೂರಿನ ಹಾಸ್ಟೆಲ್. ನಾ ಹೋಗಬೇಕಾಗಿದ್ದ ಹಾಸ್ಟೆಲ್ ಹೆಂಗಿರತಿತ್ತು ಅಂತ ನೆನಸಾಕತ್ತೀನಿ. ಪಾರೂ, ನಿನಗ ಯಾರ ಮನಸ್ಸೂ ತಿಳಿಯಂಗಿಲ್ಲ. ಒಮ್ಮೆಯೂ ತಿಳಿದಿಲ್ಲ.”

ಆಮೇಲೆ ಜೋಕಾಲಿ ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಜ್ವರದ ದಿನ, ಕೂಸು ಏನು ಹೇಳಿದರೂ ಇಲ್ಲ ಅನ್ನಬೇಡಿ ಎಂದು ಅಪ್ಪ ಒಬ್ಬೊಬ್ಬರನ್ನೂ ಕರೆದು ಹೇಳಿದ್ದನಂತೆ. ಮೊದಮೊದಲು ಎಲ್ಲರಿಗೂ ಅದು ಸರಿಯೆನಿಸಿತ್ತು, ನಾನು ಉಣ್ಣತೊಡಗಿದ್ದೆ. ಆಮೇಲೆ ನಿಲ್ಲಿಸೋಣ ಎಂದರೆ ಅಪ್ಪ ಬಿಡಲಿಲ್ಲ. ಮನೆಗೆ ಬರುವ ನೆಂಟರಿಗೆ ಕಟ್ಟೆಯ ಹತ್ತಿರವೇ ಹೇಳಿ ಒಳಗೆ ಕಳಿಸುತ್ತಿದ್ದ. ವೇದಿಕೆಯಲ್ಲಿ ಮೈಕು ಸರಿಮಾಡುವಾಗ ದೊಡ್ಡ ಮನುಷ್ಯರ ಕಿವಿಯಲ್ಲಿ ಹೇಳುತ್ತಿದ್ದದ್ದೂ ಅದೇ. ಸಣ್ಣ ಕೂಸು ಐತ್ರಿ, ಏನು ಹೇಳಿದ್ರೂ ಹೌದನ್ರಿ, ಮಂದಿಯೊಳಗ ಅಳಸಬ್ಯಾಡ್ರಿ. ದಢೇಸುಗೂರಿನ ಮಾಸ್ತರರಿಗೆ ಕಣ್ಣು ಕಟ್ಟುವಾಗ ಸಂಪಿಗೆ ಎಂದು ಹೇಳಿಕೊಟ್ಟವನೂ ಅವನೇ. ತುಂಬಿದ ಸಭೆಯಲ್ಲಿ ಒಬ್ಬ ಮನುಷ್ಯನನ್ನು, ಅದರಲ್ಲೂ ಒಂದು ಮಗುವನ್ನು, ಸುಳ್ಳು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಚಪ್ಪಾಳೆ ಬಿದ್ದ ಮೇಲಂತೂ ಯಾರೂ ಬಾಯಿ ಬಿಡುವುದಿಲ್ಲ. ಅಪ್ಪನ ವಿದ್ಯೆ ಅಷ್ಟೇ. ಅವನು ಅಕ್ಕನ ಮೇಲೆ ಪ್ರಯೋಗಿಸಿದ್ದೂ ಅದನ್ನೇ.

“ಸಾವ್ಕಾರರಿಗೆ ಗೊತ್ತಿತ್ತೇನು?” ಎಂದು ಕೇಳಿದೆ.

“ಅವರೂ ನಿನ್ನ ಮುಂದ ಕುರ್ಚಿ ಮ್ಯಾಲೆ ಕುಂತವರ ಅಲ್ಲೇನು? ಅಪ್ಪಗ, ಅವ್ವಗ, ಆಯಿಗೆ, ಅವರಿಗೆ, ನನಗ, ಅಲ್ಲಿ ಕುಂತವರಿಗೆಲ್ಲ ಗೊತ್ತಿತ್ತು. ನಿನಗೊಬ್ಬಾಕಿಗೆ ಗೊತ್ತಿದ್ದಿಲ್ಲ.”

“ನೀ ಇಲ್ಲ ಅನ್ನಬೇಕಾಗಿತ್ತು.”

“ಅನ್ನಬೇಕಂತ ಬಾಯಿ ತೆಗೆದೆ. ನಿನ್ನ ಮಾರಿ ನೋಡಿದೆ. ಇಷ್ಟು ವರ್ಷ ನಿನಗ ಹೌದು ಅಂದ ಬಾಯಿ, ತಾನ ಅಂದುಬಿಟ್ಟಿತು.”

ನಾನು ನೇರವಾಗಿ ಅಡುಗೆಮನೆಗೆ ಹೋದೆ. ಅವ್ವ ಒಲೆಯ ಮುಂದಿದ್ದಳು. ಅಕ್ಕ ಹೇಳಿದ್ದು ಖರೇನಾ ಎಂದು ಕೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನ್ನ ಮಾರಿ ನೋಡಿ ಇಲ್ಲ ಅನ್ನಾಕ ನನಗೂ ಆಗತಿದ್ದಿಲ್ಲ,” ಅಂದಳು. ಅಕ್ಕ ಹೇಳಿದ ಮಾತೇ. ಅಕ್ಕನ ಬಾಯಲ್ಲಿ ಕೇಳಿದಾಗ ಅಳು ಬಂದಿತ್ತು, ಅವ್ವನ ಬಾಯಲ್ಲಿ ಕೇಳಿದಾಗ ಸಿಟ್ಟು ಬಂತು. ಆ ದಿನ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದವಳು, ಹೋಗುವ ಬದಲು ಒಂದು ಮಾತಾಡಿದ್ದರೆ ಸಾಕಿತ್ತು. ದೇವರ ಕೋಣೆಯಲ್ಲಿದ್ದ ಆಯಿಗೆ ನಮ್ಮ ಮಾತು ಕೇಳಿಸಿತ್ತು. ಆಕೆ ಹೊರಗೆ ಬರಲೇ ಇಲ್ಲ.

ಅಪ್ಪ ಮಿಲ್ಲಿನಿಂದ ಬಂದು ಕೈಕಾಲು ತೊಳೆದು ಕೂಡುವುದನ್ನೇ ಕಾದು ಕೇಳಿದೆ. ಅವನು ಬೈಯಲಿಲ್ಲ, ಮುಚ್ಚಿಡಲೂ ಇಲ್ಲ.

“ನಾ ಒಂದಾದರೂ ಸುಳ್ಳು ಹೇಳೀನೇನವ್ವ ನಿನಗ? ಮೊಲ ಅಂದಿ, ಹೌದಂದೆ. ನನ್ನ ಮನಸ್ಸಿನ್ಯಾಗ ಮೊಲ ಇದ್ದಿಲ್ಲಂತ ನಿನಗ ಹೆಂಗ ಗೊತ್ತು? ಉಳಿದವರು ತಮ್ಮ ಬಾಯಿಲೆ ತಾವು ಅಂದಾರ. ನಿಮ್ಮಕ್ಕನೂ ತನ್ನ ಬಾಯಿಲೇ ಅಂದಾಳ. ನಾ ಯಾರ ಬಾಯಿನೂ ಹಿಡಿದಿಲ್ಲ.”

“ಅಕ್ಕ ಬ್ಯಾಡ ಅಂತಿದ್ಲು. ನಿನಗ ಗೊತ್ತಿತ್ತು.”

“ಒಳ್ಳೇ ಮನಿಗೆ ಹೋಗ್ಯಾಳ. ನೀನೂ ಜಡ್ಡಿನಾಗಿಂದ ಎದ್ದು ಕುಂತಿ. ಇದರಾಗ ಯಾರಿಗೆ ಏನು ಕೆಟ್ಟದ್ದಾತು?” ಅಂದ ಅಪ್ಪ. ಅವನು ಅದನ್ನು ನಿಜವಾಗಿಯೂ ಕೇಳುತ್ತಿದ್ದ. ಯಾರಿಗೆ ಏನು ಕೆಟ್ಟದ್ದಾಯಿತೆಂದು ಅವನಿಗೆ ತಿಳಿದಿರಲಿಲ್ಲ, ನಾನು ಹೇಳಿದರೂ ತಿಳಿಯುವಂತಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಮಸ್ಕಿಯ ಒಂದು ಶಾಲೆಯಲ್ಲಿ ಆಟ ನಿಗದಿಯಾಗಿತ್ತು. ಇದೊಂದು ಸಲ ಬಾ, ಮಾತು ಕೊಟ್ಟೀನಿ ಎಂದು ಅಪ್ಪ ಬೇಡಿಕೊಂಡ. ನಾನು ಮರುಮಾತಾಡದೆ ಹೊರಟೆ. ಶಾಲೆಯ ಬಯಲು ಸಂಜೆಯ ಬಿಸಿಲಲ್ಲೇ ತುಂಬಿತ್ತು. ಅಪ್ಪ ಊರಿನ ಡಾಕ್ಟರರನ್ನು ಕರೆದು ಕುರ್ಚಿಯಲ್ಲಿ ಕೂಡಿಸಿದ. ಮೈಕಿನ ಕಡೆ ಬಾಗಿದ. ಈ ಸಲ ನಾನು ಗಮನವಿಟ್ಟು ಕೂತಿದ್ದೆ. ಅವನ ತುಟಿ ಡಾಕ್ಟರರ ಕಿವಿಯ ಹತ್ತಿರ ಅಲುಗಿದ್ದನ್ನೂ, ಡಾಕ್ಟರರು ನನ್ನ ಕಡೆ ನೋಡಿ ಕರುಣೆಯಿಂದ ನಕ್ಕಿದ್ದನ್ನೂ ನೋಡಿದೆ. ಎಷ್ಟು ಊರುಗಳಲ್ಲಿ ಎಷ್ಟು ಜನ ನನ್ನನ್ನು ಹೀಗೆ ನೋಡಿ ನಕ್ಕಿದ್ದರೋ. ಅದನ್ನು ನಾನು ಭಕ್ತಿ ಎಂದು ತಿಳಿದಿದ್ದೆ.

“ಹೇಳವ್ವ ಬೇಬಿ ಪಾರ್ವತಿ, ಡಾಕ್ಟರ್ ಸಾಹೇಬರ ಮನಸ್ಸಿನ್ಯಾಗ ಏನೈತಿ?”

ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದೆ. “ಇವರ ಮನಸ್ಸಿನ್ಯಾಗ ನಮ್ಮ ಅಕ್ಕ ಅದಾಳ. ನಮ್ಮ ಅಕ್ಕಗ ಆ ಮದಿವಿ ಬ್ಯಾಡಾಗಿತ್ತು. ಲಿಂಗಸುಗೂರಾಗ ಅಡಿಗಿಮನ್ಯಾಗ ಕುಂತು ಅಳಾಕತ್ತಾಳ.”

ಡಾಕ್ಟರರ ನಗು ಅರ್ಧಕ್ಕೆ ನಿಂತಿತು. ಅವರು ನಮ್ಮ ಅಕ್ಕನನ್ನು ಕಂಡವರೇ ಅಲ್ಲ. ಅಪ್ಪನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ, ಮಗುವನ್ನು ಅಳಿಸಬಾರದೆಂದು ಒಪ್ಪಿಕೊಂಡವರು, ಅದೇ ಪ್ರಕಾರ ತಲೆಯಾಡಿಸಿದರು.

“ಹೌದು, ಹೌದು,” ಅಂದರು.

ಬಯಲೆಲ್ಲ ಚಪ್ಪಾಳೆ. ಶಿಳ್ಳೆ ಹೊಡೆದರು. ನಾನು ಅಪ್ಪನ ಮುಖ ನೋಡಿದೆ. ಅವನ ಕೈಗಳೂ ಅಭ್ಯಾಸಬಲದಿಂದ ಚಪ್ಪಾಳೆಗೆ ಎದ್ದಿದ್ದವು, ಒಂದಕ್ಕೊಂದು ತಾಗದೆ ನಡುವೆಯೇ ನಿಂತಿದ್ದವು. ಸಿಂಧನೂರಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ತಿರುಗಿ ಕೂತ. ನನ್ನನ್ನು ಮತ್ತೆಂದೂ ವೇದಿಕೆಗೆ ಕರೆಯಲಿಲ್ಲ. ಆಟ ಮಾತ್ರ ಬಿಡಲಿಲ್ಲ. ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಮಂದಿಯನ್ನು ಎಬ್ಬಿಸಿ ಮನಸ್ಸು ಓದಿಸುತ್ತಲೇ ಇದ್ದ.

ನಾನು ಅದೇ ಮನೆಯಲ್ಲಿ ಬೆಳೆದೆ, ಅವರ ಜೊತೆಯಲ್ಲೇ ಉಂಡೆ. ಆದರೆ ಅಲ್ಲಿಂದ ಮುಂದೆ ಯಾರಾದರೂ ತಟ್ಟನೆ ಹೌದು ಅಂದರೆ ನನಗೆ ನಂಬಿಕೆಯಾಗುವುದಿಲ್ಲ. ಮಸ್ಕಿಯ ತಾಲೂಕು ಕಚೇರಿಯಲ್ಲಿ ಈಗ ನಾನು ಮಾಡುವ ಕೆಲಸದಲ್ಲೂ ಒಂದು ಪ್ರಶ್ನೆಯನ್ನು ಎರಡು ರೀತಿಯಲ್ಲಿ ಕೇಳುವ ಚಾಳಿ ಇದೆ. ಗಂಡ ಬೇಸತ್ತು, ಒಮ್ಮೆ ಹೇಳಿದ್ದನ್ನು ನಂಬಲು ನಿನಗೇನು ಕಷ್ಟ ಅನ್ನುತ್ತಾನೆ. ಮಗ ಏನಾದರೂ ಎದುರಾಡಿದರೆ ಮಾತ್ರ ನನಗೆ ಸಮಾಧಾನ. ಅವನು ಇಲ್ಲ ಅಂದದ್ದು ಅವನದೇ ಮಾತು ಅನ್ನಿಸುತ್ತದೆ.

ಅಪ್ಪ ಹೋದ ವರ್ಷ ತೀರಿಕೊಂಡ. ಮಾತಾಡಿಸಲು ಬಂದವರೆಲ್ಲ ಅವನು ಎಷ್ಟು ಜನರನ್ನು ನಗಿಸಿದ, ಯಾರಿಗೂ ಕೆಟ್ಟದ್ದು ಬಯಸಲಿಲ್ಲ ಎಂದು ಹೇಳಿ ಹೋದರು. ಕಾರ್ಯ ಮುಗಿದ ಮೇಲೆ ನಾನು ಅಕ್ಕನ ಜೊತೆ ಲಿಂಗಸುಗೂರಿಗೆ ಹೋದೆ. ಭಾವ ಕೆಟ್ಟವನೇನಲ್ಲ, ಅಂಗಡಿ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲದವನು. ಅಕ್ಕ ಮೂರು ಮಕ್ಕಳನ್ನು ಓದಿಸಿದ್ದಾಳೆ. ತಾನು ಓದಲಿಲ್ಲ. ಮಧ್ಯಾಹ್ನ ಇಬ್ಬರೇ ಕೂತು ಬದನೆಕಾಯಿ ಹೆಚ್ಚುತ್ತಿದ್ದೆವು. ಅವತ್ತು ನನ್ನನ್ನು ಅಷ್ಟು ಹೊತ್ತು ಯಾಕೆ ನೋಡುತ್ತಿದ್ದೆ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಅದನ್ನು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ.

“ಕಾಯಾಕತ್ತಿದ್ನಿ,” ಅಂದಳು. “ನೀ ಏನಂದ್ರೂ ನಾ ಹೌದು ಅಂತಿದ್ನಿ. ಅಕ್ಕಗ ಮನಸ್ಸಿಲ್ಲ ಅಂತ ನೀ ಅಂದಿದ್ರೂ ಹೌದು ಅಂತಿದ್ನಿ, ಅಪ್ಪಗ ಎದುರು ಹೇಳಾಕ ದಾರಿ ಇರತಿದ್ದಿಲ್ಲ. ಅವತ್ತೊಂದು ದಿನ ನಿನಗ ಖರೇನ ತಿಳೀತದ ಅಂತ ನಂಬಿದ್ನಿ. ನನ್ನ ಕಣ್ಣಾಗ ಅಷ್ಟು ಕಾಣತಿತ್ತು. ನಿನಗ ತಿಳೀಲಿಲ್ಲ.”

ಆಗ ನಾನು ಅವಳಿಗೆ ಆ ದಿನದ ಮುಂಜಾನೆಯ ವಿಷಯ ಹೇಳಿದೆ. ಅಪ್ಪ ಹೂವು ತರಲೆಂದು ನನ್ನನ್ನು ಬಜಾರಕ್ಕೆ ಕರೆದುಕೊಂಡು ಹೋಗಿದ್ದ. ದಾರಿಯುದ್ದಕ್ಕೂ ಅಕ್ಕನ ಮಾತೇ. ಅಕ್ಕ ಯಾರಿಗೂ ಕಾಣದಂತೆ ಕನ್ನಡಿ ನೋಡಿಕೊಳ್ಳುತ್ತಾಳೆ, ಒಳಗೊಳಗೇ ಒಪ್ಪಿಗೆ ಇದೆ, ಹುಡುಗಿಯರು ನಾಚಿಕೆಗೆ ಬಾಯಿ ಬಿಟ್ಟು ಹೇಳುವುದಿಲ್ಲ, ಗಾಬರಿಯಾದವರಂತೆ ಕಣ್ಣರಳಿಸಿ ನೋಡುತ್ತಾರೆ ಎಂದು ಹೇಳುತ್ತ ನಡೆದಿದ್ದ. ಅವು ಅವನ ಮಾತುಗಳೆಂದು ನನಗೆ ಆ ಮಧ್ಯಾಹ್ನದ ಹೊತ್ತಿಗೇ ಮರೆತುಹೋಗಿತ್ತು. ನನಗೆ ತಾನಾಗಿ ಹೊಳೆದದ್ದೆಂದೇ ತಿಳಿದಿದ್ದೆ.

ಅಕ್ಕನ ಕೈಯಲ್ಲಿದ್ದ ಹೋಳು ನೀರಿನ ಪಾತ್ರೆಗೆ ಬೀಳದೆ ಕೈಯಲ್ಲೇ ಉಳಿಯಿತು.

“ಹಂಗಾದ್ರ ನಿನಗೂ ಹೇಳಿಕೊಟ್ಟಿದ್ನು,” ಅಂದಳು.

ನಾನು ತಲೆಯಾಡಿಸಿದೆ. ಕೆಳಗಿನ ಅಂಗಡಿಯಲ್ಲಿ ಭಾವ ಗಿರಾಕಿಗೆ ಬಟ್ಟೆ ಹರಿದು ಕೊಡುವ ಸಪ್ಪಳ ಕೇಳಿಸುತ್ತಿತ್ತು. ಅಕ್ಕ ಆ ಹೋಳನ್ನು ನೀರಿಗೆ ಹಾಕಿ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಪ್ಪನ ಮ್ಯಾಲಿನ ಸಿಟ್ಟು ನನಗ ಯಾವಾಗೋ ಹೋಗಿತ್ತು ಪಾರೂ. ಇಷ್ಟು ವರ್ಷ ನನಗ ಸಿಟ್ಟಿದ್ದದ್ದು ನಿನ್ನ ಮ್ಯಾಲೆ.”